ನಾಲ್ಕನೆಯ ರೆಕಾರ್ಡಿಗೆ ಮೂರು ಅಂಕ

ಅವರನ್ನು ಎಲ್ಲರೂ ಜಡ್ಜ್ ಸಾಹೇಬ್ರು ಅಂತಲೇ ಕರೆಯುವುದು. ಹಾಗಂತ ಅವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಹೊಲಿಗೆ ಮಿಷನ್ ರಿಪೇರಿ ಅವರ ಕಸುಬು. ಯಾರೋ ಗಿರಾಕಿ ಮಿಷನ್ನಿನ ಜೊತೆ ಮರೆತುಹೋದ ಒಂದು ರೆಕಾರ್ಡಿನಿಂದ ಅವರಿಗೆ ಇಟಲಿಯ ಒಂದು ರಾಕ್ ತಂಡದ ಹುಚ್ಚು ಹಿಡಿಯಿತು. ಒಂದೊಂದು ಹಾಡು ಹದಿನೆಂಟು ನಿಮಿಷ. ಅದರಲ್ಲಿ ಕೊಳಲು, ಆರ್ಗನ್ನು, ನಡುವೆ ಎಲ್ಲೋ ಬಾಗಿಲು ಬಡಿದ ಸದ್ದು, ಕೊನೆಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಗಂಟಲು ಹರಿದುಕೊಳ್ಳುವ ಗಾಯಕ. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ, "ರೀ, ಇದು ಮುಗಿಯೋದು ಯಾವಾಗ?" ಅಂತ ಕೇಳಿದ್ದಳು. ಮೂವತ್ತು ವರ್ಷವಾಯಿತು, ಇನ್ನೂ ಮುಗಿದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದೇ ಹುಚ್ಚಿನ ಏಳೆಂಟು ಜನ ಸೇರುತ್ತಿದ್ದರು. ಬಿಚ್ಚಿಟ್ಟ ಮಿಷನ್ನುಗಳ ಮಧ್ಯೆ ಸ್ಟೂಲು ಹಾಕಿಕೊಂಡು ಜಗಳವಾಡುತ್ತಿದ್ದರು. ಈ ವರ್ಷ ಮೊದಲನೆಯ ರೆಕಾರ್ಡೇ ಶ್ರೇಷ್ಠ ಅಂದವರು ಮುಂದಿನ ವರ್ಷ ಎರಡನೆಯದನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿದ್ದರು. ಮೂರನೆಯದು ಬರೀ ಗದ್ದಲ ಅಂತ ಮೂಗು ಮುರಿದ, ಗುಂಪಿನಲ್ಲೇ ಹಿರಿಯರಾದ ಸ್ಕೂಲ್ ಮೇಷ್ಟ್ರೇ ಆಮೇಲೆ ಅದನ್ನು ಕೇಳಿ ಕಣ್ಣೊರೆಸಿಕೊಂಡದ್ದುಂಟು. ಈ ಗೊಂದಲಕ್ಕೆ ಒಂದು ಲಗಾಮು ಇರಲಿ ಅಂತ ಕಟ್ಟುಪಾಡು ಮಾಡಿದ್ದರು. ಹೊಸ ರೆಕಾರ್ಡು ಬಂದರೆ ಮೊದಲು ರಿಪೇರಿಯವರ ಮನೆಗೆ ಹೋಗಬೇಕು. ಅವರು ಎಂಟು ದಿನ ಕೇಳಿ, ಅಭಿಮಾನಿಗಳಿಗಾಗಿ ತಾವೇ ಹೊರಡಿಸುತ್ತಿದ್ದ ನಾಲ್ಕು ಪುಟದ ಪತ್ರಿಕೆಯಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಅವರು ಜಡ್ಜ್ ಸಾಹೇಬರಾದದ್ದು ಹೀಗೆ.

ಇಪ್ಪತ್ತನಾಲ್ಕು ವರ್ಷದ ಹಿಂದೆ ನಾಲ್ಕನೆಯ ರೆಕಾರ್ಡು ಬಂತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದ ಸಾಹೇಬರ ಬಾಮೈದ ತನಗೂ ಒಂದು ತರಿಸಿಕೊಂಡಿದ್ದ. ಸಂಕೋಚದ ಹುಡುಗ, ಭಾನುವಾರದ ಜಗಳಗಳಲ್ಲಿ ಬಾಯಿ ಬಿಟ್ಟವನೇ ಅಲ್ಲ. ಆ ಭಾನುವಾರ ಮಾತ್ರ ಎದ್ದು ನಿಂತು, ಕಿವಿ ಕೆಂಪಾಗಿಸಿಕೊಂಡು, "ನಾನಾದ್ರೆ ಒಂಬತ್ತೂವರೆ ಕೊಡ್ತೀನಿ ಭಾವ. ನಂಗೆ ಇಷ್ಟು ಇಷ್ಟ ಆಗಿರೋದು ಇನ್ನೊಂದಿಲ್ಲ" ಅಂದ. ತೀರ್ಪು ಬರುವ ಮೊದಲೇ ಅಂಕ! ಕೋಣೆಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ, ಅವರಿಗೆ ಒಳಗೇ ಚುರುಕ್ಕೆಂದಿತ್ತು.

ಎಂಟು ದಿನ ಅವರು ಅದೊಂದನ್ನೇ ಕೇಳಿದರು. ಕೊಳಲಿನವನು ತಂಡ ಬಿಟ್ಟಿದ್ದಾನೆ ಅಂತ ಸುದ್ದಿಯಿತ್ತು, ಹಾಗಾಗಿ ಏನೋ ಕೆಟ್ಟಿರಲೇಬೇಕು ಅಂತ ಮೊದಲೇ ನಂಬಿದ್ದರು. ಕೆಟ್ಟದಾಗಿಯೇ ಕೇಳಿಸಿತು. ಗಾಯಕ ನಿದ್ದೆಗಣ್ಣಲ್ಲಿ ಹಾಡುತ್ತಿದ್ದಾನೆ, ಡ್ರಮ್ಮಿನವನು ಕಾಲೆಳೆಯುತ್ತಿದ್ದಾನೆ ಅಂತ ಬರೆದು ಮೂರು ಅಂಕ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. "ಇದಕ್ಕೆ ಒಂಬತ್ತೂವರೆ ಕೊಡುವ ಕಿವಿಗಳೂ ನಮ್ಮಲ್ಲಿವೆ, ಅವಕ್ಕೆ ಮಿಷನ್ನಿನ ಎಣ್ಣೆ ಬಿಡುವುದು ಒಳ್ಳೆಯದು" ಅಂತ ಕೊನೆಗೊಂದು ಸಾಲು ಸೇರಿಸಿದರು. ಪತ್ರಿಕೆ ನಲವತ್ತು ಮನೆಗೆ ಹೋಯಿತು. ಅವತ್ತಿನಿಂದ ಬಾಮೈದನ ಹೆಸರು ಒಂಬತ್ತೂವರೆ ಅಂತಾಯಿತು.

ಪತ್ರಿಕೆ ಹೋದ ಎರಡನೇ ದಿನ ಸಾಹೇಬರು ತಮ್ಮ ಪ್ರೀತಿಯ ಎರಡನೆಯ ರೆಕಾರ್ಡು ಹಾಕಿದರು. ಅದರಲ್ಲೂ ಗಾಯಕ ತೂಕಡಿಸುತ್ತಿದ್ದ. ರೆಕಾರ್ಡ್ ಪ್ಲೇಯರ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಜೋತುಬಿದ್ದಿತ್ತು. ತಟ್ಟೆ ನಿಧಾನಕ್ಕೆ ತಿರುಗುತ್ತಿತ್ತು. ದಿನಕ್ಕೆ ಹತ್ತು ಜನರ ಮಿಷನ್ನಿಗೆ ಬೆಲ್ಟು ಬಿಗಿ ಮಾಡುವ ಆಸಾಮಿ ತನ್ನ ಮನೆಯ ಬೆಲ್ಟು ನೋಡಿರಲಿಲ್ಲ. ಹೊಸ ಬೆಲ್ಟು ಹಾಕಿ ನಾಲ್ಕನೆಯದನ್ನು ಕೇಳಿದರು. ಅಂಥದ್ದನ್ನು ಅವರು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹೇಳಬಹುದಿತ್ತು. ಮುಂದಿನ ಪತ್ರಿಕೆಯಲ್ಲಿ ಎರಡು ಸಾಲು ಸಾಕಿತ್ತು. ಆದರೆ ಬೆಲ್ಟು ರಿಪೇರಿಯವನಿಗೆ ಬೆಲ್ಟೇ ಕೈಕೊಟ್ಟಿತು ಅಂತ ಏಳು ಜನ ಬಿದ್ದು ಬಿದ್ದು ನಗುವುದನ್ನು ನೆನೆದು ಅವರ ಬಾಯಿ ಕಟ್ಟಿತು. ಬಾಮೈದ ಮೂರು ಭಾನುವಾರ ಬಂದ, ನಾಲ್ಕನೆಯ ಭಾನುವಾರದಿಂದ ಬರಲಿಲ್ಲ. ತನ್ನ ರೆಕಾರ್ಡುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟನಂತೆ. ಹೆಂಡತಿ, "ನಮ್ಮ ತಮ್ಮ ಯಾಕ್ರೀ ಬರ್ತಿಲ್ಲ?" ಅಂದಾಗ ಸಾಹೇಬರು, "ಅವನಿಗೆ ಆಸಕ್ತಿ ಹೋಗಿರ್ಬೇಕು" ಅಂದರು. ಹಳೆಯ ಬೆಲ್ಟನ್ನು ಮಾತ್ರ ಬಿಸಾಡಲಾರದೆ ಗುಂಡಿಗಳ ಡಬ್ಬಿಯಲ್ಲಿಟ್ಟರು. ಗುಂಡಿ ಹುಡುಕಲು ಕೈ ಹಾಕಿದಾಗಲೆಲ್ಲ ಅದು ಬೆರಳಿಗೆ ತಗಲುತ್ತಿತ್ತು.

ವರ್ಷಗಳು ಉರುಳಿದಂತೆ ಅಭಿಮಾನಿಗಳ ಗಾಳಿ ತಿರುಗಿತು. ಹೊರಗಿನ ಪತ್ರಿಕೆಗಳು ನಾಲ್ಕನೆಯದನ್ನು ಹೊಗಳಿದವು, ಆಮೇಲೆ ಮೇಷ್ಟ್ರು ಹೊಗಳಿದರು, ಆಮೇಲೆ ಹೊಗಳದವರೇ ಇಲ್ಲ. ಮೊನ್ನೆ ಭಾನುವಾರ ಅದೇ ಮೇಷ್ಟ್ರು, "ಸಾಹೇಬ್ರೇ, ನೀವು ಅದರ ಬಗ್ಗೆ ಇನ್ನೊಂದ್ಸಲ ಬರೀಬೇಕು. ಕಾಲಕ್ಕೆ ತಕ್ಕ ಹಾಗೆ ಅಭಿಪ್ರಾಯ ಬದಲಾಯ್ತು ಅಂತ ಹೇಳಿಬಿಡಿ. ಎಷ್ಟು ದೊಡ್ಡ ಮನಸ್ಸು ಅಂತಾರೆ ಜನ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಮನಸ್ಸು ಅನ್ನುವ ಮಾತು ಕೇಳಿ ಸಾಹೇಬರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಮರುದಿನ ಅಂಗಡಿಗೆ ಬೀಗ ಹಾಕಿ, ರೆಕಾರ್ಡು, ಪ್ಲೇಯರು, ಡಬ್ಬಿಯ ಬೆಲ್ಟು ಹಿಡಿದು ಬಾಮೈದನ ಮನೆಗೆ ಹೋದರು. ಕೆಲಸದಿಂದ ಆಗಷ್ಟೇ ಬಂದಿದ್ದ ಬಾಮೈದನಿಗೆ ಈಗ ತಲೆಯೆಲ್ಲ ನರೆತಿತ್ತು. ಸಾಹೇಬರು ಬೆಲ್ಟನ್ನು ಮೇಜಿನ ಮೇಲಿಟ್ಟು, ಎಲ್ಲೂ ಸುತ್ತಿ ಬಳಸದೆ, ಎಲ್ಲ ಹೇಳಿದರು. "ಎರಡೇ ದಿನಕ್ಕೆ ಗೊತ್ತಾಯ್ತು ಕಣೋ. ಆದ್ರೂ ಸುಮ್ನಿದ್ದೆ. ತಪ್ಪು ನಂದು. ನಿನ್ನ ಕಿವೀನೇ ಸರಿಯಾಗಿತ್ತು. ಈ ಸಲ ಪತ್ರಿಕೇಲಿ ಹಾಗೇ ಬರೀತೀನಿ."

ಬೈದರೆ ಬೈಸಿಕೊಳ್ಳಲು ತಯಾರಾಗಿ ಬಂದಿದ್ದರು. ಬಾಮೈದ ಬೈಯಲಿಲ್ಲ. ಬೆಲ್ಟನ್ನು ಎಳೆದು ನೋಡಿ, "ನೀವು ಬರೆದ ಮೇಲೆ ನಾನೂ ಮತ್ತೆ ಕೇಳ್ದೆ ಭಾವ" ಅಂದ. "ಹೌದಲ್ಲ, ಇದು ತೂಕಡಿಸ್ತಾ ಇದೆಯಲ್ಲ ಅನ್ನಿಸ್ತು. ನಿಮ್ಮ ಮಾತು ಓದಿ ಓದಿ ನಂಗೂ ಹಾಗೇ ಕೇಳಿಸ್ತು. ನನ್ನ ಕಿವಿಗೆ ಏನೂ ತಿಳಿಯೋಲ್ಲ ಅಂತ ಆಮೇಲೆ ಯಾವ್ದನ್ನೂ ಕೇಳೋಕೇ ಹೋಗ್ಲಿಲ್ಲ."

ಸಾಹೇಬರು ಪ್ಲೇಯರು ಜೋಡಿಸಿದರು. ರೆಕಾರ್ಡು ಹಾಕಿದರು. ಹಾಡು ಸರಿಯಾದ ವೇಗದಲ್ಲಿ, ಹೊಸ ಬೆಲ್ಟು ಹಾಕಿ ಕೇಳಿದ ದಿನದಷ್ಟೇ ಚೆಂದವಾಗಿ ಕೋಣೆ ತುಂಬಿತು. ಬಾಮೈದ ಕಣ್ಣು ಮುಚ್ಚಲಿಲ್ಲ, ತಲೆ ತೂಗಲಿಲ್ಲ. ಹಾಡು ಮುಗಿಯುವವರೆಗೂ ಭಾವನ ಮುಖವನ್ನೇ ನೋಡುತ್ತಾ ಕೂತಿದ್ದ.

"ಹೇಗನ್ನಿಸ್ತೋ?" ಅಂತ ಸಾಹೇಬರು ಕೇಳಿದರು.

"ನೀವೇ ಹೇಳಿ ಭಾವ," ಅಂದ ಬಾಮೈದ, "ಚೆನ್ನಾಗಿದೆ ತಾನೇ?"