ಬಿಸಿನೀರಿನಲ್ಲಿ ಅಶ್ಫಾಕ

ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಶ್ಫಾಕನ ಫೋನು ಒಮ್ಮೆಲೇ ಸ್ವಿಚ್ ಆಫ್ ಆಯಿತು. ಇಬ್ರಾಹಿಂಪುರದಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅವನ ಹೆಂಡತಿ ಸುರೈಯಾಳಿಗೆ ಬಂದದ್ದು ಅಲ್ಲಿನ ಮ್ಯಾನೇಜರನ ಇಂಗ್ಲಿಷ್ ಮೆಸೇಜು. ತಿಕೋಟಾದ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತವಳು, ಅಕ್ಷರ ಕೂಡಿಸಿ ಓದಿದಳು. ‘ಅಶ್ಫಾಕ್ ಈಸ್ ಇನ್ ಹಾಟ್ ವಾಟರ್.’

ಕುದಿಯುವ ಹಂಡೆಯೊಳಗೆ ಗಂಡ ಬಿದ್ದದ್ದು ಕಣ್ಣಿಗೆ ಕಟ್ಟಿತು. ಅತ್ತೆ ನೂರಜಹಾನ ಎದೆ ಬಡಿದುಕೊಂಡು ಅತ್ತಳು. ಓಣಿಯ ಹೆಂಗಸರು ಬಂದು ಸುತ್ತ ಕೂತರು.

ಸುರೈಯಾ ಆಟೋ ಹಿಡಿದು ಜಲನಗರಕ್ಕೆ ಓಡಿದಳು. ಅವಳ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದ ಗೀತಾಂಜಲಿ ಅಲ್ಲಿ ಇಂಗ್ಲಿಷ್ ಟೀಚರು.

“ಅಕ್ಕೋರ, ಎಷ್ಟ ಸುಟ್ಟೈತಂತ ಬರದಾರೇನ ನೋಡ್ರಿ.”

“ಸುಟ್ಟಿಲ್ಲವ್ವಾ. ತ್ರಾಸಿನ್ಯಾಗ ಸಿಕ್ಕಾನ ಅಂತ ಅರ್ಥ. ನಾವು ಹೊಟ್ಟಿ ಉರೀತು ಅಂತೀವಲ್ಲ, ಖರೇನ ಬೆಂಕಿ ಹತ್ತಿರತೈತೇನು?”

“ಅಂದ್ರ ಜೀವಂತ ಅದಾನ?”

“ಅದಾನ.”

ಸುರೈಯಾ ಬಾಗಿಲಲ್ಲೇ ಕೂತು ನಕ್ಕಳು. ಆ ನಗು ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಅತಿಥಿಯೊಬ್ಬರ ಕೈಗಡಿಯಾರ ಕಳುವಾಗಿ, ಪೊಲೀಸರು ಅಶ್ಫಾಕನನ್ನು ಹಿಡಿದೊಯ್ದಿದ್ದಾರೆಂದು ಇನ್ನೊಂದು ಮೆಸೇಜು ಬಂದಿತ್ತು.

ಮುಂದೊಂದು ದಿನ ‘ಬಾಲ್ ಈಸ್ ಇನ್ ದೇರ್ ಕೋರ್ಟ್’ ಎಂದು ಬಂತು. ಕೇಸು ಕೋರ್ಟಿಗೆ ಹೋಯಿತು, ಇನ್ನೇನು ಬಿಡುಗಡೆ ಆಗುತ್ತದೆ ಎಂದುಕೊಂಡು ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು.

“ಆ ಕೋರ್ಟ್ ಅಲ್ಲವ್ವಾ, ಇದು ಆಟದ ಅಂಗಳ,” ಎಂದಳು ಗೀತಾಂಜಲಿ, ಮೆಸೇಜು ಓದಿ ಮೆಲ್ಲಗೆ. “ಇನ್ನ ಏನ ಮಾಡಿದ್ರೂ ಪೊಲೀಸರ ಮಾಡಬೇಕು ಅಂತ.”

ಸುರೈಯಾ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ನನಗ ಇವನ್ನೆಲ್ಲಾ ಕಲಸ್ರಿ ಅಕ್ಕೋರ. ದಿನಾ ಸತ್ತು ಹುಟ್ಟಾಕ ಆಗಾಕತ್ತಿಲ್ಲ.”

ಮಷೀನು ತುಳಿಯುತ್ತ, ದಾರ ಪೋಣಿಸುತ್ತ, ಆ ಅಡ್ಡಮಾತುಗಳನ್ನೂ ಅವುಗಳ ಅರ್ಥವನ್ನೂ ಬಾಯಿಪಾಠ ಮಾಡಿದಳು. ಬರಬರುತ್ತ ಜಲನಗರಕ್ಕೆ ಓಡುವುದು ತಪ್ಪಿತು. ಆದರೆ ಅರ್ಥವಾಗದಿದ್ದಾಗ ಇದ್ದ ಒಂದಿಷ್ಟು ಆಸೆಯೂ ಅದರ ಜೊತೆಗೇ ಹೋಯಿತು.

ಬಿಡುಗಡೆ ಯಾವಾಗ ಎಂದು ಕೇಳಿದ್ದಕ್ಕೆ ಒಂದು ಮಧ್ಯಾಹ್ನ ಮ್ಯಾನೇಜರನ ಉತ್ತರ ಬಂತು: ‘ಡೋಂಟ್ ಹೋಲ್ಡ್ ಯುವರ್ ಬ್ರೆತ್.’ ಬೇಗ ಆಗುತ್ತದೆಂಬ ಆಸೆ ಬೇಡ ಎಂದು ಅದರ ಅರ್ಥ ಎಂಬುದು ಅವಳಿಗೆ ಗೊತ್ತಿತ್ತು. ಏನು ಬರೆದಿದ್ದಾರೆ ಎಂದು ಅತ್ತೆ ಹಾಸಿಗೆಯಿಂದಲೇ ಕೇಳಿದಳು. ಉಸಿರು ಬಿಗಿ ಹಿಡಿಯಬೇಡಿ, ಸಮಾಧಾನದಿಂದಿರಿ ಎಂದಿದ್ದಾರೆ ಎಂದು ಸುರೈಯಾ ಹೇಳಿದಳು. ಮುದುಕಿ ದುವಾ ಮಾಡಿ, ಎರಡು ತುತ್ತು ಉಂಡಳು.

ಸುರೈಯಾ ಹಿತ್ತಲಿಗೆ ಹೋಗಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ನೇರವಾಗಿ ಬರೆದಳು: ಒಮ್ಮೆ ಅವನ ದನಿ ಕೇಳಿಸಿ.

ಮುಂದಿನ ವಾರ ಫೋನಿನಲ್ಲಿ ಕೇಳಿಸಿದರು. ಅಶ್ಫಾಕ ಅಳುತ್ತಲೇ ಇದ್ದ. ಯಾವಾಗ ಬರುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ.