ಕೆಟ್ಟರೆ ಫೋಟೊ

ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಹಿಂದೆ, ಎಣ್ಣೆಮಿಲ್ಲಿನ ಹಿಂಡಿ ವಾಸನೆ ಸದಾ ಹೊಡೆಯುವ ಒಂದು ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಎರಡು ಸಾವಿರದ ಇಸವಿಯ ಆಸುಪಾಸು. ಮಿಲ್ಲುಗಳಿಗೂ ಮೊಳಕಾಲ್ಮೂರಿನ ನೇಕಾರರ ಸೊಸೈಟಿಗೂ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ನಮ್ಮ ಮಾಲೀಕರು ಯಾವುದೋ ಶಿಬಿರಕ್ಕೆ ಹೋಗಿ ಬಂದವರೇ ಗೋಡೆಗೆ ಬೋರ್ಡು ಹೊಡೆಸಿದರು. ತಿಂಗಳಲ್ಲಿ ಗಿರಾಕಿಗಳ ತೊಂದರೆಯನ್ನು ಹೆಚ್ಚು ಬಗೆಹರಿಸಿದವರ ಫೋಟೊ ಅದರ ಮೇಲೆ. ಸಂಬಳ ಏರುವುದೂ ಅದನ್ನು ನೋಡಿಯೇ. ಆ ತೊಂದರೆ ಹುಟ್ಟಿಸಿದವರು ಯಾರೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ನನ್ನ ಪಕ್ಕದ ಕುರ್ಚಿಯವನಿಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಯಿತು. ಅವನ ಪ್ರೋಗ್ರಾಮುಗಳು ಹೇಳಿಕೊಟ್ಟಂತೆ ತಿಂಗಳು ತಿಂಗಳೂ ಕೆಡುತ್ತಿದ್ದವು. ಫೋನು ಬಂದ ಕೂಡಲೇ ಯುದ್ಧಕ್ಕೆ ಹೊರಟವನ ಹಾಗೆ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದ. ಬೋರ್ಡಿನ ಮೇಲೆ ಪ್ರತಿ ತಿಂಗಳೂ ಅವನದೇ ಮುಖ. ನಾನು ಒಂದು ಮಿಲ್ಲಿಗೆ ಬರೆದ ತೂಕದ ಪ್ರೋಗ್ರಾಮು ತನ್ನ ಪಾಡಿಗೆ ನಡೆಯುತ್ತಿತ್ತು. ಮಾಲೀಕರು ಒಂದು ದಿನ ಕರೆದರು.

"ಏನಮ್ಮಾ, ನಿನ್ ಹೆಸ್ರಲ್ಲಿ ಒಂದೂ ಕಂಪ್ಲೇಂಟ್ ಬಗೆಹರಿದಿಲ್ಲ. ಕೆಲ್ಸ ಮಾಡ್ತೀಯೋ, ಸುಮ್ನೆ ಕುಂತಿರ್ತೀಯೋ?"

"ಕಂಪ್ಲೇಂಟೇ ಬಂದಿಲ್ಲ ಸರ್."

"ನಾನೂ ಅದ್ನೇ ಹೇಳ್ತಿರೋದು."

ಪಕ್ಕದ ಕುರ್ಚಿಯವನು ಒಮ್ಮೆ ಕಾಮಾಲೆ ಬಂದು ತನ್ನ ಊರಲ್ಲಿ ಮಲಗಿದ. ಅದೇ ವಾರ ಸೊಸೈಟಿಯ ಕಾರ್ಯದರ್ಶಿಯ ಫೋನು: "ಬೇಗ ಬರ್ರೀ, ಕಂಪ್ಯೂಟ್ರು ನಿಂತೋಗೈತೆ." ಬೇರೆ ಯಾರೂ ಇಲ್ಲದೆ ನನ್ನನ್ನು ಕಳಿಸಿದರು.

ಸೊಸೈಟಿಯ ಜಗಲಿ ತುಂಬ ನೇಕಾರರು ರೇಷ್ಮೆ ನೂಲಿಗೆ ಕಾಯುತ್ತ ಕೂತಿದ್ದರು. ಕಂಪ್ಯೂಟರ್ ಚೀಟಿ ಕೊಡದೆ ನೂಲು ಕೊಡುವಂತಿರಲಿಲ್ಲ. "ಎಪ್ಪುಡು ಇಸ್ತಾರಮ್ಮಾ?" ಎಂದು ಮುದುಕಿಯೊಬ್ಬಳು ತೆಲುಗಿನಲ್ಲಿ ಕೇಳಿದಳು. ಯಾವಾಗ ಕೊಡುತ್ತಾರೆಂದು ನನಗೇ ಗೊತ್ತಿರಲಿಲ್ಲ. ಪರದೆಯ ಮೇಲೆ 'ಎಂಜಿನಿಯರನ್ನು ಸಂಪರ್ಕಿಸಿ' ಎಂಬ ಸಾಲು. ಪಕ್ಕದ ಕುರ್ಚಿಯವನು ಬರೆದಿದ್ದ ಪ್ರೋಗ್ರಾಮು ತೆರೆದು ನೋಡಿದೆ. ಏನೂ ಕೆಟ್ಟಿರಲಿಲ್ಲ. ತಿಂಗಳು ಹೊರಳಿದ ಕೂಡಲೇ ತಾನಾಗಿ ಬೀಗ ಬೀಳುವಂತೆ, ಅವನೊಬ್ಬನಿಗೇ ಗೊತ್ತಿರುವ ಪದ ಹೊಡೆದರೆ ತೆರೆಯುವಂತೆ ಬರೆದಿಟ್ಟಿದ್ದ. ಅಚ್ಚುಕಟ್ಟಾದ ಕೆಲಸ. ಅವನು ಬರೆದದ್ದರಲ್ಲಿ ದೋಷವಿಲ್ಲದೆ ನಡೆಯುತ್ತಿದ್ದ ಭಾಗ ಅದೊಂದೇ ಇರಬೇಕು!

ಆ ಸಾಲುಗಳನ್ನು ಕಿತ್ತುಹಾಕಿದೆ. ಚೀಟಿಗಳು ಹೊರಬಂದವು. ಮುದುಕಿ ನೂಲಿನ ಗಂಟು ಕಂಕುಳಲ್ಲಿಟ್ಟು, "ಚಲ್ಲಗುಂಡು ತಲ್ಲೀ" ಎಂದು, ತಣ್ಣಗಿರು ತಾಯಿ ಎಂದು ಹರಸಿ ಹೋದಳು.

ಮರಳಿ ಬಂದು ಮಾಲೀಕರಿಗೆ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ಸಿಟ್ಟು ಅವನ ಮೇಲೆಂದುಕೊಂಡೆ, ದಡ್ಡಿ.

"ಕಿತ್ತಾಕು ಅಂತ ನಿಂಗ್ಯಾರ್ ಹೇಳಿದ್ರು? ಅಲ್ಲಿಂದ ಫೋನೇ ಬರ್ದಿದ್ರೆ ಮುಂದಿನ್ ವರ್ಷ ನಮ್ಮನ್ನ ಯಾರ್ ಕೇಳ್ತಾರೆ?"

ಆ ತಿಂಗಳೂ ಬೋರ್ಡಿಗೆ ಅವನ ಫೋಟೊವನ್ನೇ ಏರಿಸಿದರು. ಪ್ರೋಗ್ರಾಮು ಅವನದಾದ್ದರಿಂದ ಬಗೆಹರಿದ ತೊಂದರೆಯೂ ಅವನದಂತೆ. ಮನುಷ್ಯ ಊರಲ್ಲಿ ಗಂಜಿ ಕುಡಿಯುತ್ತ ಮಲಗಿದ್ದ.

ನಾನು ಕೆಲಸ ಬಿಟ್ಟೆ. ನಾನು ತೂಕದ ಪ್ರೋಗ್ರಾಮು ಬರೆದುಕೊಟ್ಟಿದ್ದ ಮಿಲ್ಲಿನವರೇ ಕರೆದು ಇಟ್ಟುಕೊಂಡರು. ಪಕ್ಕದ ಕುರ್ಚಿಯವನನ್ನು ಹಳೆಯ ಆಫೀಸಿಗೆ ಮುಖ್ಯಸ್ಥನನ್ನಾಗಿ ಮಾಡಿದರೆಂದು ಮಿಲ್ಲಿನ ಅಂಗಳದಲ್ಲಿ ಕೇಳಿದೆ. ಹೊಸಬರಿಗೆ ಪ್ರೋಗ್ರಾಮು ಬರೆಯುವುದನ್ನು ಅವನೇ ಕಲಿಸುತ್ತಿದ್ದನಂತೆ. ಶೇಂಗಾ ಲಾರಿಯ ಸದ್ದಿನಲ್ಲೂ ಕೇಳುವಷ್ಟು ಜೋರಾಗಿ ನಕ್ಕೆ.