ಗಿಟಾರಿನ ಬೆನ್ನಿಗೆ ಹಚ್ಚಿದ ಎಣ್ಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ತಪ್ಪೆಲ್ಲ ಅತ್ತೆಯದೇ ಎಂದುಕೊಂಡೀರಿ.

ನಲವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಹೊರಟವಳು ನಾನು. ಸಹೋದ್ಯೋಗಿಯೊಬ್ಬರು ಕೊಟ್ಟ ಹಳೆಯ ಎಲೆಕ್ಟ್ರಿಕ್ ಗಿಟಾರ್, ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಸದಾಶಿವನಗರದ ನಮ್ಮ ಮನೆಯ ತಾರಸಿಯಲ್ಲಿ ಕೂತು ತಂತಿ, ತಿರುಪು ಎಲ್ಲ ಬಿಚ್ಚಿ, ನಾಲ್ಕು ಭಾನುವಾರ ಎಮರಿ ಪೇಪರಿನಿಂದ ತಿಕ್ಕಿ ಬರೀ ಮರ ಉಳಿಸಿದೆ. ಮುಂದಕ್ಕೆ ಫಳಫಳ ಹೊಳೆಯುವ ನೀಲಿ, ಹಿಂದಕ್ಕೆ ಹೊಳಪೇ ಇಲ್ಲದ ಮ್ಯಾಟ್ ಕಪ್ಪು ಎಂದು ನಿರ್ಧರಿಸಿದ್ದೆ. ಉಳಿದ ಅಂಚು ತಿಕ್ಕಲು ಐದನೇ ಭಾನುವಾರ ಅದನ್ನು ಗುಬ್ಬಿಗೆ ಒಯ್ದೆ. ಅಲ್ಲಿ ಭಾವನವರ ಜೊತೆ ಅತ್ತೆ ಇದ್ದಾರೆ. ಊಟವಾದ ಮೇಲೆ ನನಗೆ ಜೊಂಪು ಹತ್ತಿತು.

ಮುಂದಿನ ವಾರ ಕುಣಿಗಲ್ ರಸ್ತೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರ ಶೆಡ್ಡಿಗೆ ಕೊಟ್ಟೆ. ನೀಲಿ ಸ್ಪ್ರೇ ಮಾಡಿದ್ದೇ ತಡ, ಬಣ್ಣ ಅಲ್ಲಲ್ಲಿ ಸರಿದು ರಾಗಿ ಕಾಳಿನಷ್ಟಗಲ ಗುಳಿಗಳು ಬಿದ್ದವು. ಪೇಂಟರು ಮೂಸಿ ನೋಡಿದರು.

"ಕೊಬ್ರಿ ಎಣ್ಣೆ ಕುಡ್ದದೆ ಮೇಡಂ ಮರ. ಇದ್ರ ಮ್ಯಾಲೆ ಬಣ್ಣ ನಿಲ್ಲಾಕಿಲ್ಲ."

ಗೊತ್ತಾಯಿತು. ಲಟ್ಟಣಿಗೆಯಿಂದ ಹಿಡಿದು ತೊಟ್ಟಿಲವರೆಗೆ ಮರದ್ದೇನು ಕಂಡರೂ ತೋಟದ ಕೊಬ್ಬರಿ ಎಣ್ಣೆ ಸವರುವ ಅತ್ತೆಯ ಕೈ ಅದು. ಅಲ್ಲಿಂದಲೇ ಫೋನ್ ಮಾಡಿದೆ.

"ಅತ್ತೆ, ಗಿಟಾರ್‌ಗೆ ಎಣ್ಣೆ ಹಚ್ಚಿದ್ರಾ?"

"ಹೂಂ ಕಣವ್ವ. ಒಣಕ್ಕೊಂಡಿತ್ತು."

"ನನ್ನ ಸಾಮಾನು ಯಾಕೆ ಮುಟ್ತೀರಿ ನೀವು?" ಎಂದು ಶುರುಮಾಡಿದವಳು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ಇನ್ಮ್ಯಾಕೆ ಮುಟ್ಟಾಕಿಲ್ಲ ಬುಡವ್ವ," ಎಂದು ಅವರು ಫೋನ್ ಇಟ್ಟರು.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಏಳಕ್ಕೆ ನನಗೆ ಅತ್ತೆಯ ಫೋನು ಬರುತ್ತಿತ್ತು. ಏನು ತಿಂಡಿ ಎಂದು ಕೇಳಿ, ತಮ್ಮದು ಅದಕ್ಕಿಂತ ಚೆನ್ನಾಗಿದೆ ಎಂದು ಸೂಚಿಸಿ ಇಡುತ್ತಿದ್ದರು. ಮರುದಿನದಿಂದ ಅದು ಗಂಡನ ಫೋನಿಗೆ ಬರತೊಡಗಿತು. ನನ್ನನ್ನು ಕೇಳಲೇ ಇಲ್ಲ. ಎರಡು ವಾರ ಕಳೆಯಿತು. ಉಪ್ಪಿಟ್ಟು ಮಾಡಿ, ಯಾರಿಗೂ ಹೇಳಿಕೊಳ್ಳದೆ ತಿಂದೆ. ಆ ಫೋನು ಇಷ್ಟು ನೆನಪಾಗುತ್ತದೆಂದು ನಾನು ಎಣಿಸಿರಲಿಲ್ಲ. "ನಾನು ಮಧ್ಯೆ ಬರಲ್ಲ, ನೀನೇ ಹೋಗಿ ಮಾತಾಡು," ಎಂದರು ಗಂಡ.

ಅಷ್ಟರಲ್ಲಿ ಪೇಂಟರು ಮುಂಭಾಗವನ್ನು ತಿನ್ನರಿನಿಂದ ಮತ್ತೆಮತ್ತೆ ಒರೆಸಿ, ಎಣ್ಣೆ ಮೇಲೇಳದ ಹಾಗೆ ಅರಗಿನ ಪಾಲಿಶ್ ಬಳಿದು, ಅದರ ಮೇಲೆ ನೀಲಿ ನಿಲ್ಲಿಸಿದ್ದರು. ಹಿಂಭಾಗಕ್ಕೆ ಮಾತ್ರ ಕೈ ಹಚ್ಚಿರಲಿಲ್ಲ. ಗಿಟಾರನ್ನು ಬಿಸಿಲಿಗೆ ತಿರುಗಿಸಿ ಹಿಡಿದರು. ಮರದ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು.

"ಮುಂದ್ಕೆ ಗ್ಲಾಸಿ ಇರ್ಲಿ, ಹಿಂದೆ ಇಂಗೇ ಬುಡಾನ ಮೇಡಂ. ಮುಂದ್ಕಿಂತ ಇಲ್ಲೇ ಜಾಸ್ತಿ ಎಣ್ಣೆ ಬಿದ್ದದೆ. ಯಾರೋ ಕೂತ್ಕಂಡು ತಿಕ್ಕವ್ರೆ."

ಮ್ಯಾಟ್ ಕಪ್ಪಿನ ಆಸೆ ಬಿಡಲು ಸ್ವಲ್ಪ ಮುಖ ಸಿಂಡರಿಸಿದೆ, ಆಮೇಲೆ ಒಪ್ಪಿದೆ. ನಿಜ ಹೇಳಬೇಕೆಂದರೆ, ಹೊಳೆಯುವ ನೀಲಿಯ ಪಕ್ಕದಲ್ಲಿ ಆ ಮಂದ ಕಂದು ನಾನು ಯೋಚಿಸಿದ್ದಕ್ಕಿಂತ ಚೆನ್ನಾಗಿತ್ತು.

ಆ ಭಾನುವಾರ ಗುಬ್ಬಿಗೆ ಹೋದಾಗ ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ತಪ್ಪಾಯ್ತು ಅತ್ತೆ. ಹಂಗೆಲ್ಲ ಮಾತಾಡ್ಬಾರ್ದಿತ್ತು," ಎಂದು ಗಿಟಾರಿನ ಹಿಂಭಾಗ ತೋರಿಸಿದೆ. "ಇಲ್ಲಿ ಬಣ್ಣ ಹೊಡೆಸ್ಲಿಲ್ಲ. ನೀವು ಹಚ್ಚಿದ್ದೇ ಇದೆ."

ನೋಡಿದರು, ಮುಟ್ಟಲಿಲ್ಲ. ಮಾತು ಮುಂದುವರಿಸಲೆಂದು ಕೇಳಿದೆ, "ಹಿಂದುಗಡೆ ಯಾಕೆ ಅಷ್ಟೊಂದು ಹಚ್ಚಿದ್ರಿ?"

"ನೀನು ಬಾರಿಸ್ವಾಗ ಅದು ಹೊಟ್ಟೆಗೆ ಒತ್ಕಂಡಿರ್ತದಲ್ಲವ್ವ. ಆಪರೇಸನ್ ಆದ ಜಾಗ. ಸಿಬ್ರು ಗಿಬ್ರು ಚುಚ್ಕಂಡಾತು ಅಂತ."

ನನಗೆ ಗರ್ಭಕೋಶ ತೆಗೆದು ಎರಡು ವರ್ಷವಾಗಿತ್ತು. ಹೊಲಿಗೆ ಹಾಕಿದ ಆ ಜಾಗವನ್ನು ನಾನೇ ಮರೆತುಬಿಟ್ಟಿದ್ದೆ. ಅವರ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದೆ.